ಲೆಕ್ಕ ಕೇಳದ ಆಟಗಾರ

ಕಲಾವಿದನಾಗಲಿ ಆಟಗಾರನಾಗಲಿ ಹಣದ ಲೆಕ್ಕ ಕೇಳಬಾರದು, ಕೇಳಿದರೆ ಅವನ ದೊಡ್ಡತನಕ್ಕೆ ಕುಂದು ಎಂಬ ಭಾವನೆ ಲೋಕದಲ್ಲಿ ಬಹು ಕಾಲದಿಂದ ಬೇರೂರಿದೆ. ಇದನ್ನು ಸದ್ಗುಣವೆಂದು ಹೊಗಳುವವರೇ ಹೆಚ್ಚು. ನನಗಾದರೋ ಇದು ಬಹಳ ದುಬಾರಿಯ ಸದ್ಗುಣವೆಂದು ತೋರುತ್ತದೆ. ಕೆನಡಾ ದೇಶದ ಐಸ್ ಹಾಕಿ ಆಟಗಾರ ಬಾಬಿ ಆರ್ ಎಂಬಾತನ ಜೀವನ ವೃತ್ತಾಂತವನ್ನು ಓದಿದ ಮೇಲಂತೂ ಈ ಅಭಿಪ್ರಾಯ ನನ್ನಲ್ಲಿ ಗಟ್ಟಿಯಾಗಿದೆ.

ನಾವು ಬಲ್ಲ ಹಾಕಿ ಮೈದಾನದ ಆಟ. ಅವರದು ಹೆಪ್ಪುಗಟ್ಟಿದ ನೀರಿನ ಮೇಲೆ, ಉಕ್ಕಿನ ಅಲಗುಳ್ಳ ಬೂಟು ತೊಟ್ಟು, ಜಾರುತ್ತ ಆಡುವ ಆಟ. ಚೆಂಡಿನ ಬದಲು ಗಟ್ಟಿ ರಬ್ಬರಿನ ಬಿಲ್ಲೆ. ಅದಕ್ಕೆ ಪಕ್ ಎಂದು ಹೆಸರು. ಒಂದೊಂದು ಪಕ್ಷಕ್ಕೆ ಏಕಕಾಲದಲ್ಲಿ ಕಣದಲ್ಲಿರುವವರು ಆರೇ ಮಂದಿ. ಒಬ್ಬ ಗೋಲ್‌ಕೀಪರು, ಮೂವರು ಮುನ್ನುಗ್ಗುವವರು, ಮಿಕ್ಕ ಇಬ್ಬರು ಡಿಫೆನ್ಸಿನವರು. ಡಿಫೆನ್ಸಿನವನ ಪಾಡು ಹೊಲದ ಕಾವಲುಗಾರನ ಪಾಡಿನಂತೆಯೇ ಸರಿ. ನುಗ್ಗಿ ಬಂದವರನ್ನು ತಡೆಯುವುದು ಇವನ ಕರ್ತವ್ಯ. ಗೋಲು ಹೊಡೆದು ಚಪ್ಪಾಳೆ ಗಿಟ್ಟಿಸುವುದು ಇತರರ ಹಕ್ಕು.

ಈ ಸಂಪ್ರದಾಯವನ್ನು ಮುರಿದವನು ಆರ್. ೧೯೪೮ರ ಮಾರ್ಚ್ ೨೦ರಂದು ಆಂಟೇರಿಯೋ ಪ್ರಾಂತದ ಪ್ಯಾರಿ ಸೌಂಡ್ ಎಂಬ ಸಣ್ಣ ಊರಿನಲ್ಲಿ ಈತನ ಜನನ. ತಂದೆ ಸಿಡಿಮದ್ದಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರು. ಹುಡುಗನಿಗೆ ಹದಿನಾಲ್ಕು ತುಂಬಿದಾಗಲೇ ಬಾಸ್ಟನ್ ಬ್ರೂಯಿನ್ಸ್ ತಂಡದವರು ಬಂದು ಕಾಗದಕ್ಕೆ ರುಜು ಹಾಕಿಸಿಕೊಂಡರು. ಆ ರುಜು ಬಿತ್ತೆಂದರೆ ಮುಂದೆ ಆಡುವುದೆಲ್ಲ ಅವರಿಗಾಗಿಯೇ. ಪ್ರತಿಯಾಗಿ ಒಪ್ಪಿಕೊಂಡ ಉಪಕಾರಗಳಲ್ಲಿ ಮನೆಯ ಗೋಡೆಗೆ ಗಾರೆ ಮಾಡಿಸಿಕೊಡುವುದೂ ಒಂದು! ಬಡವನ ಮನೆಯಲ್ಲಿ ಗಾರೆಯ ಗೋಡೆಗೆ ಎಷ್ಟು ಬೆಲೆಯೆಂಬುದನ್ನು ಬಲ್ಲವರು ಆ ತಂದೆಯನ್ನು ನೋಡಿ ನಗಲಾರರು.

೧೯೬೬ರಲ್ಲಿ ಆರ್ ಬಾಸ್ಟನ್ ತಂಡಕ್ಕೆ ಇಳಿದನು. ಕಾವಲಿನ ಜಾಗದಿಂದಲೇ ಪಕ್ಕನ್ನು ಹಿಡಿದು, ಎದುರಾಳಿಗಳ ನಡುವೆ ನುಸುಳಿ, ಗೋಲಿನವರೆಗೂ ಹೋಗುವನು. ಮರುಕ್ಷಣದಲ್ಲಿ ತನ್ನ ಜಾಗಕ್ಕೆ ಹಿಂದಿರುಗಿರುವನು. ೧೯೬೮ರಿಂದ ೧೯೭೫ರವರೆಗೆ ಸತತವಾಗಿ ಎಂಟು ವರ್ಷ ಅತ್ಯುತ್ತಮ ಡಿಫೆನ್ಸ್ ಆಟಗಾರನಿಗೆ ಸಲ್ಲುವ ನಾರಿಸ್ ಪಾರಿತೋಷಕ ಇವನದಾಯಿತು. ತಾನು ಹೊಡೆದ ಗೋಲಿಗೂ ಇತರರಿಗೆ ಒದಗಿಸಿಕೊಟ್ಟ ಗೋಲಿಗೂ ಒಂದೊಂದು ಅಂಕದಂತೆ ಎಣಿಸಿ, ಹೆಚ್ಚು ಅಂಕ ಗಳಿಸಿದವನಿಗೆ ಲೀಗಿನವರು ಆರ್ಟ್ ರಾಸ್ ಪಾರಿತೋಷಕ ಕೊಡುತ್ತಾರೆ. ಅದು ಮುನ್ನುಗ್ಗುವವರ ಸೊತ್ತು. ಆರ್ ಅದನ್ನು ೧೯೭೦ರಲ್ಲಿಯೂ ೧೯೭೫ರಲ್ಲಿಯೂ ಗೆದ್ದನು. ಬೇರಾವ ಡಿಫೆನ್ಸ್ ಆಟಗಾರನಿಗೂ ಇಂದಿನವರೆಗೆ ಅದು ದಕ್ಕಿಲ್ಲ. ೧೯೭೦ರ ಮೇ ೧೦ರಂದು ಸೇಂಟ್ ಲೂಯಿ ತಂಡದ ವಿರುದ್ಧ, ಹೆಚ್ಚುವರಿ ವೇಳೆಯ ನಲವತ್ತನೆಯ ಸೆಕೆಂಡಿನಲ್ಲಿ ಇವನು ಹೊಡೆದ ಗೋಲಿನಿಂದ ಬಾಸ್ಟನ್ನಿಗೆ ಇಪ್ಪತ್ತೊಂಬತ್ತು ವರ್ಷಗಳ ಮೇಲೆ ಸ್ಟ್ಯಾನ್ಲಿ ಕಪ್ ಬಂದಿತು. ಎದುರಾಳಿಯ ಕೋಲು ಕಾಲಿಗೆ ತಗುಲಿ, ಎರಡು ಕೈಗಳನ್ನೂ ಚಾಚಿ ಗಾಳಿಯಲ್ಲಿ ತೇಲುತ್ತಿರುವ ಆರ್‌ನ ಛಾಯಾಚಿತ್ರ ಇಂದಿಗೂ ಪ್ರಸಿದ್ಧ.

ಇಷ್ಟಾದರೂ ಅವನ ಎಡ ಮೊಣಕಾಲು ಮೊದಲನೆಯ ವರ್ಷದಿಂದಲೇ ಕೆಟ್ಟಿತ್ತು. ಹನ್ನೆರಡಕ್ಕೂ ಹೆಚ್ಚು ಬಾರಿ ಶಸ್ತ್ರಚಿಕಿತ್ಸೆಯಾಯಿತು. ೧೯೭೮ರಲ್ಲಿ, ಮೂವತ್ತೇ ವರ್ಷಕ್ಕೆ, ಆಟ ಮುಗಿಯಿತು. ಮೊಣಕಾಲು ಅವನ ಬಾಳನ್ನು ಹಾಳುಮಾಡಿತೆಂದು ಎಲ್ಲರೂ ಮರುಗುತ್ತಾರೆ. ನನ್ನ ಮರುಕ ಅದಕ್ಕಲ್ಲ. ದೇಹ ಸವೆಯುವುದು ದೇಹದ ಧರ್ಮ.

ಟೊರಾಂಟೊದ ವಕೀಲ ಅಲನ್ ಈಗಲ್ಸನ್ ಎಂಬಾತನನ್ನು ಆರ್ ಸ್ವಂತ ಅಣ್ಣನಂತೆ ನಂಬಿದ್ದನು. ಕರಾರು, ಬಂಡವಾಳ, ತೆರಿಗೆ, ಎಲ್ಲವೂ ಅವನ ಕೈಯಲ್ಲಿ. ೧೯೭೧ರಲ್ಲಿ ಐದು ವರ್ಷಕ್ಕೆ ಹತ್ತು ಲಕ್ಷ ಡಾಲರಿನ ಕರಾರಾಯಿತು. ಆ ಆಟದಲ್ಲಿ ಅಂಥ ಮೊತ್ತ ಅದೇ ಮೊದಲು. ೧೯೭೬ರಲ್ಲಿ ಆರ್ ಬಾಸ್ಟನ್ನನ್ನು ಬಿಟ್ಟು ಷಿಕಾಗೋಗೆ ಹೋದನು. ಬಾಸ್ಟನ್ನಿನ ಒಡೆಯರು ತಂಡದ ಒಡೆತನದಲ್ಲಿಯೇ ನೂರಕ್ಕೆ ೧೮.೫ ಪಾಲು ಕೊಡಲು ಮುಂದಾಗಿದ್ದರೆಂಬ ಸಂಗತಿ ಅನಂತರ ಹೊರಬಿದ್ದಿತು. ತನಗೆ ಅದನ್ನು ತಿಳಿಸಿರಲಿಲ್ಲವೆಂದು ಆರ್ ಹೇಳುತ್ತಾನೆ. ಈಗಲ್ಸನ್ ಇದನ್ನು ಒಪ್ಪುವುದಿಲ್ಲ. ಷಿಕಾಗೋದಲ್ಲಿ ಅವನು ಆಡಿದ್ದು ಇಪ್ಪತ್ತಾರೇ ಪಂದ್ಯ. ಆಡದೆ ಸಂಬಳ ತೆಗೆದುಕೊಳ್ಳಲಾರೆನೆಂದು ಬಂದ ಚೆಕ್ಕುಗಳನ್ನೂ ನಗದು ಮಾಡಿಸಲಿಲ್ಲ. ಎಂಥ ಉದಾತ್ತತೆ ಎನ್ನೋಣವೆ? ಆಟ ಬಿಟ್ಟಾಗ ಅವನಿಗೆ ಆಸ್ತಿಗಿಂತ ಸಾಲವೇ ಹೆಚ್ಚಾಗಿತ್ತು.

ನಮ್ಮ ಮನೆತನದಲ್ಲಿ ಕಾಗದ ಓದಬಲ್ಲವನು ನಾನೇ ಮೊದಲಿಗ. ನಮ್ಮಜ್ಜ ಹೆಬ್ಬೆಟ್ಟು ಒತ್ತಿದ ಪತ್ರದಲ್ಲಿ ಏನಿತ್ತೆಂದು ಮನೆಯವರಿಗೆ ತಿಳಿದದ್ದು ಎರಡು ಎಕರೆ ಹೋದ ಮೇಲೆ. ಅಜ್ಜನಿಗೆ ಅಕ್ಷರ ಬರುತ್ತಿರಲಿಲ್ಲ, ಆರ್‌ಗೆ ಬರುತ್ತಿತ್ತು. ಅಕ್ಷರ ಬಂದವನೂ ಸ್ನೇಹದ ದಾಕ್ಷಿಣ್ಯಕ್ಕೆ ಕಣ್ಣು ಮುಚ್ಚಿಕೊಳ್ಳುವನಲ್ಲ, ಇದೇ ನನ್ನನ್ನು ಯೋಚನೆಗೆ ಹಚ್ಚಿದ್ದು.

“ಲಕ್ಷ ಲಕ್ಷ ಎಣಿಸಿದವನಿಗೆ ಕನಿಕರವೇಕಯ್ಯ?” ಎಂದು ನನ್ನ ಗೆಳೆಯರೊಬ್ಬರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಇದೇ ಈಗಲ್ಸನ್ ೧೯೬೭ರಿಂದ ೧೯೯೧ರವರೆಗೆ ಆಟಗಾರರ ಸಂಘದ ಮುಖ್ಯಸ್ಥನೂ ಆಗಿದ್ದನು. ಅದೇ ಕಾಲದಲ್ಲಿ ಕೆಲವು ಆಟಗಾರರ ಖಾಸಗಿ ಪ್ರತಿನಿಧಿ. ಅಂತರರಾಷ್ಟ್ರೀಯ ಪಂದ್ಯಗಳ ವ್ಯವಸ್ಥಾಪಕ. ಕಕ್ಷಿಗಾರನ ವಕೀಲನೇ ಎದುರಾಳಿಯ ಪಂಕ್ತಿಯಲ್ಲಿ ಊಟಕ್ಕೆ ಕುಳಿತರೆ ಹೇಗೋ ಹಾಗೆ. ಆರ್‌ನಂಥವನೇ ಲೆಕ್ಕ ಕೇಳದಿದ್ದಾಗ, ಸಂಬಳವೂ ಕಡಿಮೆ, ಹೆಸರೂ ಇಲ್ಲದ ಸಾಮಾನ್ಯ ಆಟಗಾರ ಯಾವ ಧೈರ್ಯದಿಂದ ಕೇಳಿಯಾನು? ದೊಡ್ಡವರ ಮೌನಕ್ಕೆ ಬೆಲೆ ತೆತ್ತವರು ಚಿಕ್ಕವರು. ನನ್ನ ದೂರು ಇರುವುದು ಇಲ್ಲಿಯೇ.

ಕೊನೆಗೆ ಕೇಳಿದವರೂ ಇದ್ದರು. ಟೊರಾಂಟೊ ತಂಡದಲ್ಲಿ ಆಡಿದ್ದ ಕಾರ್ಲ್ ಬ್ರೂವರ್, ಇವನೂ ಡಿಫೆನ್ಸಿನವನೇ, ಪಿಂಚಣಿಯ ಹಣ ಎಲ್ಲಿ ಹೋಯಿತೆಂದು ಪಟ್ಟುಹಿಡಿದನು. ಇತರ ಹಳೆಯ ಆಟಗಾರರೊಡನೆ ಲೀಗಿನ ವಿರುದ್ಧ ನ್ಯಾಯಾಲಯಕ್ಕೆ ಹೋದನು. ೧೯೯೨ರಲ್ಲಿ ತೀರ್ಪು ಆಟಗಾರರ ಪರವಾಯಿತು. ಮ್ಯಾಸಚೂಸೆಟ್ಸಿನ ಲಾರೆನ್ಸ್ ಪಟ್ಟಣದ ಸ್ಥಳೀಯ ಪತ್ರಿಕೆಯೊಂದರ ವರದಿಗಾರ ರಸ್ ಕಾನ್ವೇ ೧೯೯೧ರಿಂದ ಈಗಲ್ಸನ್ನನ ವ್ಯವಹಾರಗಳನ್ನು ಒಂದೊಂದಾಗಿ ಬರೆದನು. ೧೯೯೮ರಲ್ಲಿ ಈಗಲ್ಸನ್ ವಂಚನೆಯ ಅಪರಾಧವನ್ನು ಒಪ್ಪಿಕೊಂಡನು. ಹದಿನೆಂಟು ತಿಂಗಳ ಸಜೆಯಾಯಿತು. ಆರ್‌ನ ಷಿಕಾಗೋ ವ್ಯವಹಾರ ಆ ಮೊಕದ್ದಮೆಯ ವಿಷಯವಾಗಿರಲಿಲ್ಲವೆಂಬುದನ್ನೂ ಹೇಳಬೇಕು. ಅದೇ ವರ್ಷ, ಈಗಲ್ಸನ್ ಇರುವ ಕೀರ್ತಿಮಂದಿರದಲ್ಲಿ ತಾವು ಇರುವುದಿಲ್ಲವೆಂದು ಆರ್ ಮೊದಲಾದ ಹಳಬರು ಹಟ ಹಿಡಿದರು. ಈಗಲ್ಸನ್ ತಾನಾಗಿಯೇ ಹೊರನಡೆದನು.

ಆರ್ ಅಷ್ಟು ಹೊತ್ತಿಗೆ ಇನ್ನೊಂದು ವೃತ್ತಿ ಹಿಡಿದಿದ್ದನು. ಆಟಗಾರರ ಪ್ರತಿನಿಧಿಯಾಗಿ, ಹರೆಯದ ಹುಡುಗರ ಪರವಾಗಿ ತಂಡಗಳೊಡನೆ ಕರಾರಿನ ಮಾತುಕತೆ ನಡೆಸತೊಡಗಿದ್ದನು. ಮುಂದೆ ಆಂಟೇರಿಯೋ ಪ್ರಾಂತದವನೇ ಆದ ಕಾನರ್ ಮ್ಯಾಕ್‌ಡೇವಿಡ್ ಎಂಬ ತರುಣ ಪ್ರತಿಭಾಶಾಲಿಯ ಕಾಗದಪತ್ರಗಳನ್ನು ನೋಡಿಕೊಂಡದ್ದು ಆರ್‌ನ ಸಂಸ್ಥೆಯೇ.