ಮೇಲೆ ಕುಂತವರು ಯಾರು?

ದಸರಾ ರಜೆಯಲ್ಲಿ ನಾವು ಮೂವರು ಕಪ್ಪತಗುಡ್ಡದ ಕಡೆ ಬೈಕ್ ತಿರುಗಿಸಿದ್ವಿ. ನಾನು ರೋಣದಾಂವ, ಇನ್ನೊಬ್ಬ ನರಗುಂದದಾಂವ, ಮತ್ತೊಬ್ಬಾಕಿ ಗಜೇಂದ್ರಗಡದಾಕಿ. ಕಾಲೇಜಿನಲ್ಲಿ ನಮ್ಮ ಹೆಸರಿಗಿಂತ ಊರಿನ ಹೆಸರೇ ಜಾಸ್ತಿ ಓಡುತ್ತೆ. ಬ್ಯಾಗಿನಲ್ಲಿ ಎರಡು ಟಾರ್ಚ್, ಒಂದು ಹಗ್ಗ, ಪವರ್ ಬ್ಯಾಂಕ್, ಮತ್ತೆ ಗಜೇಂದ್ರಗಡದಾಕಿ ಮನೆಯಲ್ಲಿ ‘ಗದಗಿಗೆ ಹೊಂಟೀನಿ’ ಅಂತಷ್ಟೇ ಹೇಳಿ ಕಟ್ಟಿಸಿಕೊಂಡು ಬಂದ ರೊಟ್ಟಿ, ಶೇಂಗಾ ಚಟ್ನಿ. ಬ್ರಿಟಿಷರ ಕಾಲದ ಬಂಗಾರದ ಗಣಿ ನೋಡಬೇಕು, ಆದರೆ ಒಳಗೂ ಇಳಿಯಬೇಕು ಅನ್ನೋದು ಪ್ಲ್ಯಾನ್.

ಗುಡ್ಡದ ಬುಡದಲ್ಲಿ ಕುರಿ ಕಾಯುತ್ತಿದ್ದ ಅಜ್ಜ ಒಬ್ಬರು ನಮ್ಮನ್ನು ನಿಲ್ಲಿಸಿದರು.

“ಏನ್ ತಮ್ಮಾ, ನಿಧಿ ತೆಗ್ಯಾಕ ಬಂದೀರೇನು? ಇಲ್ಲಾ ಕಂಪನಿ ಮಂದಿ ಏನು?”

“ಇಲ್ರೀ ಅಜ್ಜಾರ, ಕಾಲೇಜಿನವರು. ಹಳೇ ಗಣಿ ನೋಡಾಕ ಬಂದೀವಿ.”

“ಮನ್ಯಾಗ ಹೇಳಿ ಬಂದೀರೇನು?”

ಮೂವರೂ ಮುಖ ಮುಖ ನೋಡಿಕೊಂಡ್ವಿ.

“ಹಂಗಾರ ಒಳಗ ಬಿದ್ರ ನಿಮ್ಮನ್ನ ಹುಡುಕೋರು ಯಾರು? ನಾನೇ ಹೌದಲ್ಲೋ?”

ಅವತ್ತು ಎಲ್ಲೂ ಇಳಿಯಲಿಲ್ಲ. ಅಜ್ಜನ ಜೊತೆ ಕೂತು ರೊಟ್ಟಿ ತಿಂದು ವಾಪಸ್ ಬಂದ್ವಿ. ನರಗುಂದದಾಂವ ದಾರಿ ತುಂಬ ಮಾತಾಡಲಿಲ್ಲ, ಅಷ್ಟು ಸಿಟ್ಟು. ಆದರೆ ಆ ಪ್ರಶ್ನೆ ಮಾತ್ರ ನನ್ನ ತಲೆಯಿಂದ ಹೋಗಿಲ್ಲ. ಹಳೇ ಗಣಿ ಹುಡುಕುವ ಹವ್ಯಾಸವನ್ನು ನಾವು ಧೈರ್ಯದ ಆಟ ಅಂದುಕೊಂಡಿದ್ದೀವಿ. ನನ್ನ ಪ್ರಕಾರ ಇದು ಮೊದಲು ಮಂದಿಯ ಜೊತೆಗಿನ ವ್ಯವಹಾರ. ಅದನ್ನು ಒಪ್ಪಿಕೊಳ್ಳದವರು ಈ ಹವ್ಯಾಸಕ್ಕೆ ಬರಬಾರದು.

ಅಜ್ಜ ನಮ್ಮನ್ನು ಯಾಕೆ ಅನುಮಾನಿಸಿದರು ಅನ್ನೋದನ್ನೇ ನೋಡಿ. ಈ ಗುಡ್ಡದ ಬಂಗಾರದ ಕಥೆ ಹಳೇದು. ಮಳೆ ನಿಂತ ಮೇಲೆ ಹಳ್ಳದ ಮರಳು ತೊಳೆದು ಬಂಗಾರದ ಪುಡಿ ತೆಗೆಯುತ್ತಿದ್ದ ಜಾಲಗಾರರು ಇಲ್ಲಿದ್ದರು. 1874ರಲ್ಲೇ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇಲ್ಲಿನ ಬಂಗಾರದ ಬಗ್ಗೆ ವರದಿ ಬರೆದರು. 20ನೇ ಶತಮಾನದ ಶುರುವಿನಲ್ಲಿ ಬ್ರಿಟಿಷ್ ಕಂಪನಿಗಳು ಕಬಲಾಯತಕಟ್ಟಿ, ಹೊಸೂರು ಸುತ್ತಮುತ್ತ ಗಣಿ ತೋಡಿ, ಕೆಲವೇ ವರ್ಷಗಳಲ್ಲಿ ಬಿಟ್ಟು ಹೋದವು. ಅವರು ಹೋದರು, ತೆಗ್ಗು ಉಳಿದವು.

ಆಮೇಲೆ ನಮ್ಮ ಕಾಲಕ್ಕೆ ಬನ್ನಿ. 2011ರಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಜಮೀನು ಕೊಡಲ್ಲ ಅಂತ ಮುಂಡರಗಿ ತಾಲೂಕಿನ ಹಳ್ಳಿಗುಡಿ ಕಡೆಯ ರೈತರು ನಿಂತರು. ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಅವರ ಜೊತೆ ನಿಂತರು, ಕಾರ್ಖಾನೆ ಬರಲಿಲ್ಲ. 2015ರಲ್ಲಿ ಕಪ್ಪತಗುಡ್ಡಕ್ಕೆ ಸಂರಕ್ಷಿತ ಪ್ರದೇಶ ಅನ್ನೋ ಸ್ಥಾನ ಸಿಕ್ಕಿತು, 2016ರಲ್ಲಿ ಸರ್ಕಾರ ಅದನ್ನು ವಾಪಸ್ ತೆಗೆದುಕೊಂಡಿತು. ಗದಗದಲ್ಲಿ ಹೋರಾಟ ಆಗಿ 2017ರಲ್ಲಿ ಮತ್ತೆ ಕೊಟ್ಟಿತು. 2019ರಲ್ಲಿ ಗುಡ್ಡದ ಸುಮಾರು 244 ಚದರ ಕಿ.ಮೀ. ವನ್ಯಜೀವಿ ಧಾಮ ಆಯಿತು. ಇಷ್ಟೆಲ್ಲ ಕಂಡ ಊರಿನಲ್ಲಿ ಮೊಬೈಲ್ ಜಿಪಿಎಸ್ ಹಿಡಿದು, ಕಲ್ಲು ಆರಿಸುತ್ತಾ ತಿರುಗುವ ಮೂವರು ಅಪರಿಚಿತರನ್ನು ಕಂಡರೆ ಯಾರಿಗೆ ತಾನೇ ಅನುಮಾನ ಬರಲ್ಲ? ‘ಇದು ಹವ್ಯಾಸ ರೀ’ ಅಂದರೆ ಸಾಲದು. ನಾವು ಯಾರು, ಯಾಕೆ ಬಂದಿದ್ದೀವಿ, ಏನನ್ನು ಒಯ್ಯಲ್ಲ ಅಂತ ಮೊದಲು ಹೇಳಬೇಕಾದವರು ನಾವೇ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಧಾಮದೊಳಗೆ ಕಾಲಿಡುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ತಪ್ಪು ಅನ್ನೋದು ಬೇರೆ.

ಇನ್ನು ಅಪಾಯದ ಮಾತು. ಇದನ್ನು ಅರ್ಥ ಮಾಡಿಕೊಳ್ಳೋಕೆ ನಮ್ಮ ಊರಿನ ಹಗೇವು ಸಾಕು. ಗೊತ್ತಿಲ್ಲದವರಿಗೆ ಹೇಳ್ತೀನಿ: ಹಗೇವು ಅಂದರೆ ಜೋಳ ತುಂಬಿಡೋಕೆ ನೆಲದೊಳಗೆ ತೋಡಿದ ಕಣಜ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಾರೆ. ಒಳಗಿನ ಕಾಳು ಉಸಿರಾಡುತ್ತೆ, ಆಮ್ಲಜನಕ ಖಾಲಿ ಮಾಡಿ ಇಂಗಾಲದ ಡೈಆಕ್ಸೈಡ್ ಬಿಡುತ್ತೆ. ತೆಗೆದ ಕೂಡಲೇ ಇಳಿದವನು ಮತ್ತೆ ಮೇಲೆ ಬರಲ್ಲ. ಅದಕ್ಕೇ ಹಿರಿಯರು ಬಾಯಿ ತೆಗೆದು ಬಹಳ ಹೊತ್ತು ಹಾಗೇ ಬಿಡುತ್ತಿದ್ದರು, ದೀಪ ಇಳಿಸಿ ನೋಡುತ್ತಿದ್ದರು, ಇಳಿಯುವವನ ಸೊಂಟಕ್ಕೆ ಹಗ್ಗ ಕಟ್ಟುತ್ತಿದ್ದರು. ಎಲ್ಲಕ್ಕಿಂತ ಮುಖ್ಯ, ಹಗ್ಗ ಹಿಡಿದು ಮೇಲೆ ನಾಲ್ಕು ಮಂದಿ ಕುಂತಿರುತ್ತಿದ್ದರು. ಹಗೇವು ತೆಗೆಯೋದು ಓಣಿಯ ಕೆಲಸ, ಒಬ್ಬನ ಕೆಲಸ ಅಲ್ಲ.

ಬಿಟ್ಟ ಗಣಿಯೂ ಹಗೇವಿನ ಥರಾನೇ, ಆದರೆ ಅದಕ್ಕಿಂತ ಕೆಟ್ಟದ್ದು. ಬಂಗಾರದ ಕಲ್ಲಿನ ಜೊತೆ ಇರುವ ಪೈರೈಟ್‌ನಂಥ ಸಲ್ಫೈಡ್ ಖನಿಜ ತುಕ್ಕು ಹಿಡಿಯುವಾಗ ಗಾಳಿಯ ಆಮ್ಲಜನಕ ತಿನ್ನುತ್ತೆ, ಕೊಳೆಯುವ ಕಟ್ಟಿಗೆಯೂ ತಿನ್ನುತ್ತೆ. ಹೊರಗೆ ಶೇ. 20.9 ಇರುವ ಆಮ್ಲಜನಕ ಶೇ. 10ಕ್ಕಿಂತ ಕೆಳಗೆ ಇಳಿದರೆ ಮನುಷ್ಯ ಎಚ್ಚರ ತಪ್ಪಿ ಬೀಳ್ತಾನೆ. ವಾಸನೆ ಇಲ್ಲ, ಉಸಿರು ಕಟ್ಟಿದ ಹಾಗೆ ಅನಿಸಲೂಬಹುದು, ಅನಿಸದೆಯೂ ಇರಬಹುದು. ನೀರು ನಿಂತ ನೆಲದ ಕೆಳಗೆ ಇನ್ನೊಂದು ಬಾವಿ ಇದ್ದರೂ ಕಾಣಲ್ಲ. ಮತ್ತೆ ಹಗೇವಿನಲ್ಲಿ ಆಗುವ ಹಾಗೆಯೇ, ಬಿದ್ದವನನ್ನು ಎತ್ತೋಕೆ ಇಳಿದವನೂ ಬೀಳ್ತಾನೆ. ಅಂದರೆ ನಾವು ‘ನನ್ನ ಜೀವ, ನನ್ನ ಇಷ್ಟ’ ಅಂದುಕೊಂಡು ಇಟ್ಟ ಪಣದಲ್ಲಿ ಆ ಅಜ್ಜನ ಜೀವವೂ ಇತ್ತು. ಅವರನ್ನು ನಾವು ಕೇಳಿಯೇ ಇರಲಿಲ್ಲ.

ನಡೆಯುತ್ತಿರುವ ಗಣಿಗಳಲ್ಲಿ ಇದಕ್ಕೆ ಒಂದು ಸರಳ ಪದ್ಧತಿ ಇದೆ. ಕೆಳಗೆ ಇಳಿಯುವ ಪ್ರತಿಯೊಬ್ಬರ ಲೆಕ್ಕ ಮೇಲೆ ಇರುತ್ತೆ. ಟೋಕನ್ ವಾಪಸ್ ಬರದಿದ್ದರೆ ಹುಡುಕಾಟ ಶುರು. ಬ್ರಿಟನ್‌ನಲ್ಲಿ ಹಳೇ ಗಣಿ ನೋಡುವ ಕ್ಲಬ್‌ಗಳಿವೆ. ಅಲ್ಲಿನವರೂ ಇಷ್ಟು ಹೊತ್ತಿಗೆ ಬರ್ತೀವಿ ಅಂತ ಮೇಲೆ ಒಬ್ಬರಿಗೆ ಹೇಳಿ ಇಳೀತಾರೆ. ಹೊತ್ತು ಮೀರಿದರೆ ಪೊಲೀಸರ ಮೂಲಕ ರಕ್ಷಣಾ ತಂಡಕ್ಕೆ ಕರೆ ಹೋಗುತ್ತೆ. ಆ ತಂಡದಲ್ಲಿ ಇರುವವರೂ ಇದೇ ಹವ್ಯಾಸದವರು, ಸಂಬಳ ಇಲ್ಲದ ಸ್ವಯಂಸೇವಕರು. ನಮ್ಮ ಕಡೆ ಅಂಥ ತಂಡ ಎಲ್ಲಿದೆ? ಇರೋದು ಕುರಿ ಕಾಯುವವರು, ಹೊಲದ ಮಂದಿ. ಆದ್ದರಿಂದ ನಮಗೆ ಒಂದೇ ನಿಯಮ ಸರಿ: ಬಾಯಿಯವರೆಗೆ ಹೋಗು, ಒಳಗೆ ಬೇಡ.

‘ಹಂಗಾರ ಮಜಾ ಎಲ್ಲೈತಲೇ?’ ಅಂತ ನರಗುಂದದಾಂವ ಕೇಳ್ತಾನೆ. ನ್ಯಾಯವಾದ ಪ್ರಶ್ನೆ. ಅವನಿಗೆ ನನ್ನ ಉತ್ತರ: ಆ ದಿನ ನಮಗೆ ನೆನಪಿರೋದು ಏನು? ತೆಗ್ಗಲ್ಲ, ಅಜ್ಜ ಹೇಳಿದ ಮಾತು. ಗುಡ್ಡದ ಸುತ್ತಲಿನ ಊರು, ತಾಂಡಾಗಳಲ್ಲಿ ಇಂಥ ಎಷ್ಟು ಮಾತು ಇರಬಹುದು? ಕೆಜಿಎಫ್ ಮುಚ್ಚಿದ್ದು 2001ರ ಫೆಬ್ರವರಿ 28ರಂದು, ಅಲ್ಲಿ ಕೆಳಗೆ ದುಡಿದವರು ಇನ್ನೂ ಇದ್ದಾರೆ. ನಮ್ಮ ಗುಡ್ಡದ ಬ್ರಿಟಿಷ್ ಗಣಿಯಲ್ಲಿ ದುಡಿದವರು ಯಾರೂ ಉಳಿದಿಲ್ಲ. ಅವರ ಬಗ್ಗೆ ಕೇಳಿದ ಮೊಮ್ಮಕ್ಕಳು ಉಳಿದಿದ್ದರೆ ಅವರಿಗೂ ಈಗ ವಯಸ್ಸಾಗಿದೆ. ತೆಗ್ಗು ಇನ್ನೂ ನೂರು ವರ್ಷ ಇರುತ್ತೆ. ಮೊದಲು ಹೋಗಬೇಕಾದ್ದು ಎಲ್ಲಿಗೆ, ನೀವೇ ಹೇಳಿ.

ರೀಲ್ಸ್ ಬಗ್ಗೆಯೂ ಒಂದು ಮಾತು. ಗಣಿಯ ಬಾಯಿಯ ಲೊಕೇಶನ್ ಹಾಕಿದರೆ ನಮ್ಮ ಹಿಂದೆ ಬರುವವನಿಗೆ ಅಜ್ಜ ಸಿಗದೇ ಇರಬಹುದು. ಕಥೆ ಹಂಚಿ, ಜಾಗ ಬೇಡ.

‘ಇಂಥಲ್ಲಿಗೆ ಹುಡುಗ್ಯಾರು ಯಾಕ?’ ಅನ್ನೋ ಮಾತನ್ನು ಗಜೇಂದ್ರಗಡದಾಕಿ ಕ್ಯಾಂಟೀನಿನಲ್ಲಿ ಎಷ್ಟು ಸಲ ಕೇಳಿದ್ದಾಳೋ. 1952ರ ಗಣಿ ಕಾಯ್ದೆ ಹೆಂಗಸರು ನೆಲದಡಿ ದುಡಿಯೋದನ್ನೇ ತಡೆದಿತ್ತು. 2019ರಲ್ಲಿ ಸರ್ಕಾರವೇ ಷರತ್ತಿನ ಮೇಲೆ ಆ ಬಾಗಿಲು ತೆರೆಯಿತು. ನಮ್ಮ ಕ್ಯಾಂಟೀನ್ ಇನ್ನೂ ತೆರೆದಿಲ್ಲ. ಆಕಿ ಮನೆಯಲ್ಲಿ ಪೂರ್ತಿ ಹೇಳದೆ ಬಂದದ್ದು ತಪ್ಪು, ಹೌದು. ಆದರೆ ಹೇಳಿದ್ದರೆ ಕಳಿಸುತ್ತಿದ್ದರಾ? ನಿಜ ಹೇಳಿ ಹೊರಡುವ ಸ್ಥಿತಿ ಇಲ್ಲದಿದ್ದರೆ ‘ಹೇಳಿ ಹೋಗಿ’ ಅನ್ನೋ ನಿಯಮ ಅರ್ಧ ಮಂದಿಗೆ ಸುಳ್ಳು ಹೇಳೋದನ್ನೇ ಕಲಿಸುತ್ತೆ. ಗುಂಪು ಕಟ್ಟಿ, ಮೇಷ್ಟ್ರು ಒಬ್ಬರನ್ನು ಜೊತೆ ಕರೆದುಕೊಂಡು, ಅನುಮತಿ ಪತ್ರ ಹಿಡಿದು ಹೋದರೆ ಮನೆಯವರಿಗೂ ಹೂಂ ಅನ್ನೋಕೆ ಒಂದು ಆಧಾರ ಸಿಗುತ್ತೆ.

ಅದಕ್ಕೇ ಒಂದು ಸಲಹೆ. ಕನ್ನಡ ಸಂಘದಲ್ಲೇ ಒಂದು ಸಣ್ಣ ಗುಂಪು ಮಾಡೋಣ. ಸಿವಿಲ್‌ನವರು ಮೇಲಿನಿಂದಲೇ ನಕ್ಷೆ ಮಾಡಲಿ, ಕಂಪ್ಯೂಟರ್‌ನವರು ಹಿರಿಯರ ಮಾತು ರೆಕಾರ್ಡ್ ಮಾಡಿ ಜೋಪಾನ ಮಾಡಲಿ. ನೆಲದಡಿ ನೋಡಲೇಬೇಕು ಅನ್ನೋರಿಗಾಗಿ ಹಟ್ಟಿ ಚಿನ್ನದ ಗಣಿಗೆ ಕಾಲೇಜಿನ ಮೂಲಕ ಅನುಮತಿ ಕೇಳೋಣ. ಕೊಟ್ಟರೆ ಹೆಲ್ಮೆಟ್ ಹಾಕಿಕೊಂಡು, ಮೇಲೆ ಲೆಕ್ಕ ಕೊಟ್ಟು ಇಳಿಯೋಣ.

ಮೊದಲ ಮೀಟಿಂಗಿಗೆ ಟಾರ್ಚ್ ಬೇಡ. ನಿಮ್ಮ ಊರಿನಲ್ಲಿ ಗಣಿ, ಹಗೇವು, ಜಾಲಗಾರರ ಬಗ್ಗೆ ಗೊತ್ತಿರುವ ಒಬ್ಬ ಹಿರಿಯರ ಹೆಸರು ತನ್ನಿ. ಮತ್ತೆ, ಬರುವಾಗ ಮನ್ಯಾಗ ಹೇಳಿ ಬರ್ರಿ.