ಬ್ರೆಕ್ಸಿಟ್ ಮತ್ತು ಐರ್ಲೆಂಡ್ ಗಡಿ ಸಮಸ್ಯೆ

ಐರ್ಲೆಂಡ್ ಗಡಿ ಸಮಸ್ಯೆಯು ಯುನೈಟೆಡ್ ಕಿಂಗ್‌ಡಮ್ ಐರೋಪ್ಯ ಒಕ್ಕೂಟವನ್ನು ತೊರೆದುದರಿಂದ (ಬ್ರೆಕ್ಸಿಟ್) ಉದ್ಭವಿಸಿದ ರಾಜಕೀಯ ಹಾಗೂ ವಾಣಿಜ್ಯ ಸಮಸ್ಯೆಯಾಗಿದೆ. ಉತ್ತರ ಐರ್ಲೆಂಡ್ ಯುನೈಟೆಡ್ ಕಿಂಗ್‌ಡಮ್‌ನ ಭಾಗವಾಗಿದ್ದು, ದ್ವೀಪದ ಉಳಿದ ಭಾಗವಾದ ಐರ್ಲೆಂಡ್ ಗಣರಾಜ್ಯವು ಒಕ್ಕೂಟದ ಸದಸ್ಯ ರಾಷ್ಟ್ರವಾಗಿ ಮುಂದುವರಿದಿದೆ. ಇವೆರಡರ ನಡುವಣ ಗಡಿಯ ಉದ್ದ ಸುಮಾರು 500 ಕಿ.ಮೀ. ಇದನ್ನು 200ಕ್ಕೂ ಹೆಚ್ಚು ರಸ್ತೆಗಳು ದಾಟುತ್ತವೆ.

ಹಿನ್ನೆಲೆ

1921ರಲ್ಲಿ ಐರ್ಲೆಂಡ್ ವಿಭಜನೆಗೊಂಡಿತು. 1923ರಲ್ಲಿ ಗಡಿಯುದ್ದಕ್ಕೂ ಸುಂಕದ ಕಟ್ಟೆಗಳು ತಲೆಯೆತ್ತಿದವು. 1960ರ ದಶಕದ ಕೊನೆಯಲ್ಲಿ ಆರಂಭವಾದ ಆಂತರಿಕ ಸಂಘರ್ಷದಲ್ಲಿ 3,500ಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ಈ ಅವಧಿಯಲ್ಲಿ ಸುಂಕದ ಕಟ್ಟೆಗಳೂ ಸೇನಾ ತಪಾಸಣಾ ಠಾಣೆಗಳೂ ದಾಳಿಗೆ ಗುರಿಯಾಗಿದ್ದವು. ಎರಡೂ ದೇಶಗಳು 1973ರಲ್ಲಿ ಐರೋಪ್ಯ ಆರ್ಥಿಕ ಸಮುದಾಯವನ್ನು ಸೇರಿದ್ದವು. 1993ರಲ್ಲಿ ಏಕ ಮಾರುಕಟ್ಟೆ ಜಾರಿಯಾದಾಗ ಸುಂಕ ತಪಾಸಣೆ ಕೊನೆಗೊಂಡಿತು. 1998ರ ಗುಡ್ ಫ್ರೈಡೇ ಒಪ್ಪಂದದ ನಂತರ ಸೇನಾ ಠಾಣೆಗಳನ್ನೂ ಹಂತಹಂತವಾಗಿ ತೆರವುಗೊಳಿಸಲಾಯಿತು.

ಸಮಸ್ಯೆಯ ಸ್ವರೂಪ

2016ರ ಜೂನ್ 23ರ ಜನಮತಗಣನೆಯಲ್ಲಿ ಯುನೈಟೆಡ್ ಕಿಂಗ್‌ಡಮ್‌ನ ಶೇ. 51.9ರಷ್ಟು ಮತದಾರರು ನಿರ್ಗಮನದ ಪರವಾಗಿ ಮತ ನೀಡಿದರು. ಉತ್ತರ ಐರ್ಲೆಂಡಿನಲ್ಲಿ ಮಾತ್ರ ಶೇ. 55.8ರಷ್ಟು ಜನರು ಒಕ್ಕೂಟದಲ್ಲಿ ಉಳಿಯಬೇಕೆಂದರು.

ಉಭಯ ದೇಶಗಳ ನಡುವೆ ಮುಕ್ತ ಸಂಚಾರದ ವ್ಯವಸ್ಥೆ ಮೊದಲಿನಿಂದಲೂ ಇದ್ದುದರಿಂದ ಜನರ ಓಡಾಟಕ್ಕಿಂತ ಸರಕುಗಳ ಸಾಗಣೆಯೇ ಮುಖ್ಯ ತೊಡಕಾಯಿತು. ಉದಾಹರಣೆಗೆ, ಉತ್ತರದ ಹಾಲಿನ ಒಂದು ಪಾಲು ಸಂಸ್ಕರಣೆಗಾಗಿ ದಕ್ಷಿಣಕ್ಕೆ ಹೋಗುತ್ತದೆ. ಸಮಾನ ಸುಂಕ ಮತ್ತು ಗುಣಮಟ್ಟವುಳ್ಳ ವಾಣಿಜ್ಯ ಒಕ್ಕೂಟವು ಹೊರಗಿನಿಂದ ಬರುವ ಸರಕನ್ನು ಎಲ್ಲಿಯಾದರೂ ಪರೀಕ್ಷಿಸಲೇಬೇಕಾಗುತ್ತದೆ. ಆದುದರಿಂದ ಏಕ ಮಾರುಕಟ್ಟೆ ಹಾಗೂ ಸುಂಕ ಒಕ್ಕೂಟದಿಂದ ಸಂಪೂರ್ಣ ನಿರ್ಗಮನ, ದ್ವೀಪದೊಳಗೆ ತಪಾಸಣೆಯಿಲ್ಲದ ಗಡಿ, ಬ್ರಿಟನ್ ಮತ್ತು ಉತ್ತರ ಐರ್ಲೆಂಡ್ ನಡುವೆ ಅಡೆತಡೆಯಿಲ್ಲದ ವ್ಯಾಪಾರ ಎಂಬ ಮೂರು ಗುರಿಗಳಲ್ಲಿ ಯಾವುದಾದರೂ ಎರಡನ್ನು ಮಾತ್ರ ಸಾಧಿಸಲು ಸಾಧ್ಯವಿತ್ತು.

ಪರಿಹಾರ ಪ್ರಯತ್ನಗಳು

ಪ್ರಧಾನಿ ತೆರೇಸಾ ಮೇ ಅವರ ಒಪ್ಪಂದದಲ್ಲಿ, ಬೇರೆ ಪರಿಹಾರ ದೊರೆಯುವವರೆಗೆ ಇಡೀ ಯುನೈಟೆಡ್ ಕಿಂಗ್‌ಡಮ್ ಒಕ್ಕೂಟದೊಡನೆ ಒಂದೇ ಸುಂಕ ಪ್ರದೇಶವಾಗಿರುವ 'ಬ್ಯಾಕ್‌ಸ್ಟಾಪ್' ಏರ್ಪಾಡು ಇತ್ತು. 2019ರಲ್ಲಿ ಸಂಸತ್ತಿನ ಕೆಳಮನೆ ಇದನ್ನು ಮೂರು ಬಾರಿ ತಿರಸ್ಕರಿಸಿತು. ಬೋರಿಸ್ ಜಾನ್ಸನ್ ಅವರು ಒಪ್ಪಿದ ಉತ್ತರ ಐರ್ಲೆಂಡ್ ಪ್ರೋಟೋಕಾಲ್ 2021ರ ಜನವರಿ 1ರಿಂದ ಸಂಪೂರ್ಣವಾಗಿ ಜಾರಿಗೆ ಬಂದಿತು. ಇದರಂತೆ ಸರಕುಗಳಿಗೆ ಸಂಬಂಧಿಸಿದ ಒಕ್ಕೂಟದ ಹಲವು ನಿಯಮಗಳು ಉತ್ತರ ಐರ್ಲೆಂಡಿಗೂ ಅನ್ವಯವಾದವು. ಬ್ರಿಟನ್ನಿನಿಂದ ಬರುವ ಸರಕಿನ ತಪಾಸಣೆ ಬಂದರುಗಳಿಗೆ ಸ್ಥಳಾಂತರಗೊಂಡಿತು.

ತಮ್ಮನ್ನು ಬ್ರಿಟನ್ನಿನಿಂದ ಬೇರ್ಪಡಿಸುವ 'ಸಮುದ್ರ ಗಡಿ' ಇದೆಂದು ಬ್ರಿಟನ್ ಪರವಾದ ಯೂನಿಯನಿಸ್ಟರು ಪ್ರತಿಭಟಿಸಿದರು. 2022ರ ಫೆಬ್ರವರಿಯಲ್ಲಿ ಡೆಮಾಕ್ರಟಿಕ್ ಯೂನಿಯನಿಸ್ಟ್ ಪಕ್ಷವು ಪ್ರಾದೇಶಿಕ ಸರ್ಕಾರದಿಂದ ಹೊರಬಂದಿತು. 2023ರ ವಿಂಡ್ಸರ್ ಚೌಕಟ್ಟು ಉತ್ತರ ಐರ್ಲೆಂಡಿನಲ್ಲಿಯೇ ಬಳಕೆಯಾಗುವ ಸರಕಿಗೆ ಸರಳವಾದ 'ಹಸಿರು ಪಥ'ವನ್ನೂ, ಒಕ್ಕೂಟಕ್ಕೆ ಸಾಗಬಹುದಾದ ಸರಕಿಗೆ 'ಕೆಂಪು ಪಥ'ವನ್ನೂ ಕಲ್ಪಿಸಿತು. 2024ರ ಫೆಬ್ರವರಿಯಲ್ಲಿ ಸರ್ಕಾರವು ಪುನಃ ರಚನೆಯಾಗಿ, ಶಿನ್ ಫೇನ್ ಪಕ್ಷದ ಮಿಶೆಲ್ ಓನೀಲ್ ಪ್ರಥಮ ಸಚಿವೆಯಾದರು.

ವಿಶ್ಲೇಷಣೆ

ಭೂಗಡಿಯಲ್ಲಿ ತಪಾಸಣೆ ನಡೆದರೆ ಐರಿಷ್ ರಾಷ್ಟ್ರೀಯವಾದಿಗಳ ಭಾವನೆಗೆ ಧಕ್ಕೆಯಾಗುತ್ತದೆ. ಸಮುದ್ರದಲ್ಲಿ ನಡೆದರೆ ಯೂನಿಯನಿಸ್ಟರ ಭಾವನೆಗೆ ಧಕ್ಕೆಯಾಗುತ್ತದೆ. ಹೀಗಾಗಿ ಸುಂಕದ ಪ್ರಶ್ನೆ ಇಲ್ಲಿ ಅಸ್ಮಿತೆಯ ಪ್ರಶ್ನೆಯೂ ಆಗಿದೆ. 2024ರ ಡಿಸೆಂಬರ್ 10ರಂದು ಪ್ರಾದೇಶಿಕ ಶಾಸನಸಭೆಯು 48-36 ಮತಗಳಿಂದ ಈ ವ್ಯಾಪಾರ ವ್ಯವಸ್ಥೆಯ ಮುಂದುವರಿಕೆಗೆ ಸಮ್ಮತಿ ನೀಡಿತು; ಯೂನಿಯನಿಸ್ಟ್ ಸದಸ್ಯರು ವಿರುದ್ಧವಾಗಿ ಮತ ಚಲಾಯಿಸಿದರು. ಎರಡೂ ಸಮುದಾಯಗಳ ಬೆಂಬಲ ದೊರೆತಿದ್ದರೆ ಸಮ್ಮತಿಯ ಅವಧಿ ಎಂಟು ವರ್ಷಗಳಾಗುತ್ತಿತ್ತು. ಸರಳ ಬಹುಮತವಷ್ಟೇ ದೊರೆತುದರಿಂದ ನಾಲ್ಕು ವರ್ಷಗಳ ನಂತರ ಪ್ರಶ್ನೆಯು ಮತ್ತೆ ಸಭೆಯ ಮುಂದೆ ಬರುತ್ತದೆ.