ಹೊಳಪಿನ ಹುಚ್ಚಿಗೆ ಅಮೋನಿಯಾ ಯಾಕೆ ಸ್ವಾಮಿ?

ಹಾರಿಸಿದ ತೋಟಾದ ಹಿತ್ತಾಳೆ ಕೊಳವೆ ಆರಿಸಿ, ತೊಳೆದು, ಮತ್ತೆ ಮದ್ದು ತುಂಬೋ ಹವ್ಯಾಸ ಅಮೆರಿಕದಲ್ಲಿ ಜೋರು. ತಿರುಗೋ ಡ್ರಮ್ಮಿಗೆ ಕೊಳವೆ ಹಾಕಿ, ಪುಡಿ ಮಾಡಿದ ಮೆಕ್ಕೆಜೋಳದ ದಿಂಡು ಸುರಿದು ಗಂಟೆಗಟ್ಟಲೆ ತಿರುಗಿಸ್ತಾರೆ. ಹೌದು, ನಮ್ಮ ಕೋಗಳಿ, ಹರಪನಹಳ್ಳಿ ಕಡೆ ಒಲೆಗೆ ಹಾಕೋ ಅದೇ ದಿಂಡು! ಸೀಸದ ಧೂಳು ಏಳಬಾರದು ಅನ್ನೋರು ನೀರು, ಸ್ಟೀಲ್ ಸೂಜಿ, ಚೂರು ಸಿಟ್ರಿಕ್ ಆಮ್ಲ ಹಾಕ್ತಾರೆ.

ಇಷ್ಟಕ್ಕೆ ನನ್ನ ತಕರಾರಿಲ್ಲ. ಬೇಗ ಹೊಳೀಲಿ ಅಂತ ಅಮೋನಿಯಾ ಇರೋ ಪಾಲಿಷ್ ಬೆರೆಸ್ತಾರಲ್ಲ, ತಕರಾರು ಅದಕ್ಕೆ. ತೋಟಾದ ಹಿತ್ತಾಳೆ ಅಂದ್ರೆ 70 ಭಾಗ ತಾಮ್ರ, 30 ಭಾಗ ಸತು. ಎಳೆದು ರೂಪ ಕೊಟ್ಟಿದ್ದರಿಂದ ಒಳಗೆ ಬಿಗಿತ ಉಳಿದಿರುತ್ತೆ. ಅಮೋನಿಯಾ ತಾಗಿದರೆ ಅಲ್ಲೇ ಬಿರುಕು. ಬ್ರಿಟಿಷರ ಕಾಲದಲ್ಲಿ, ಇದೇ ಭಾರತದಲ್ಲಿ, ಮಳೆಗಾಲಕ್ಕೆ ಕುದುರೆ ಲಾಯದಲ್ಲಿ ಇಟ್ಟ ತೋಟಾಗಳು ಹಾರಿಸೋ ಮೊದಲೇ ಸೀಳುತ್ತಿದ್ದವು. ಕುದುರೆ ಗಂಜಲದ ಅಮೋನಿಯಾ ಇದಕ್ಕೆ ಕಾರಣ ಅಂತ 1921ರಲ್ಲಿ ವಿವರಣೆ ಸಿಕ್ತು. ನೂರು ವರ್ಷದ ಮೇಲಾಯ್ತು, ಇನ್ನೂ ಬುದ್ಧಿ ಬರಬಾರದಾ?

ಕೊಟ್ಟೂರಲ್ಲಿ ಕೂತೋರಿಗೆ ತೋಟಾ ಚಿಂತೆ ಯಾಕೆ ಅಂತೀರಾ? ಅಟ್ಟದ ಮೇಲಿರೋ ಅಜ್ಜಿಯ ಬಡಿದು ಮಾಡಿದ ಕೊಡ, ತಂಬಿಗೆನೂ ತಾಮ್ರ ಸತುವೇ. ಬಡಿದ ಏಟಿನ ಬಿಗಿತ ಅದರಲ್ಲೂ ಇರಬಹುದು. ಹುಣಸೆಹಣ್ಣಲ್ಲಿ ತಿಕ್ಕೋದು ಹಳ್ಳಿ ಗುಗ್ಗುತನ ಅಂತ ಮೂಗು ಮುರಿದು, ಘಾಟು ಹೊಡೆಯೋ ಬಾಟಲಿ ತರ್ತೀರಲ್ಲ, ಅದರಲ್ಲಿ ಏನಿದೆ ಅಂತ ಒಮ್ಮೆಯಾದ್ರೂ ಓದಿದ್ದೀರಾ?

ಹಾಗಂತ ಹುಣಸೆ ನೀರಲ್ಲಿ ರಾತ್ರಿಯಿಡೀ ನೆನೆಸಬೇಡಿ, ಸತು ಬಿಟ್ಟು ಹಿತ್ತಾಳೆ ಕೆಂಪಗಾಗುತ್ತೆ. ತಿಕ್ಕಿ, ಕೂಡಲೇ ತೊಳೆದು, ಒಣಬಟ್ಟೆಯಲ್ಲಿ ಒರೆಸಿ. ಬಾಟಲಿ ಮೇಲೆ ಅಮೋನಿಯಾ ಅಂತಿದ್ರೆ ಅಂಗಡಿಯವನಿಗೇ ವಾಪಸ್ ಕೊಡಿ.